ಲಾಯರಮ್ಮ ತೀರ್ಪು ಕೊಡಲಿಲ್ಲ

ನಮ್ಮ ದೊಡ್ಡಪ್ಪ ಊರ ನಾಟಕದಲ್ಲಿ ದುರ್ಯೋಧನ. ಮೂರು ಸಲ ಆ ಪಾರ್ಟು ಮಾಡಿದ್ದಾರೆ. ತಿಪಟೂರು ಕಡೆಯ ಹಳ್ಳಿಗಳಲ್ಲಿ ಕುರುಕ್ಷೇತ್ರ ನಾಟಕ ಅಂದರೆ ಸುಮ್ನೆ ಅಲ್ಲ. ಪಾರ್ಟು ಮಾಡುವವರೇ ಕೈಯಿಂದ ದುಡ್ಡು ಹಾಕಿ, ಹಾರ್ಮೋನಿಯಂ ಮೇಷ್ಟ್ರನ್ನು ಕರೆಸಿ, ತಿಂಗಳುಗಟ್ಟಲೆ ಕಲಿತು, ಸೀನರಿ ಬಾಡಿಗೆಗೆ ತಂದು ಇಡೀ ರಾತ್ರಿ ಆಡುತ್ತಾರೆ. ಕೃಷ್ಣ ಸಂಧಾನದ ಸೀನಿಗೆ ನಿದ್ದೆ ಹೋದವರೂ ಎದ್ದು ಕೂರುತ್ತಾರೆ. ಸೂಜಿಮೊನೆಯಷ್ಟು ಜಾಗವನ್ನೂ ಕೊಡುವುದಿಲ್ಲ ಎಂದು ದೊಡ್ಡಪ್ಪ ಗದೆ ಕುಟ್ಟಿದರೆ ಶಿಳ್ಳೆ ಬೀಳುತ್ತಿತ್ತು.

2014ರಲ್ಲಿ ಅತ್ತೆ ಆಸ್ತಿಯಲ್ಲಿ ಪಾಲು ಕೇಳಿ ದಾವೆ ಹಾಕಿದ ಮೇಲೆ ಊರವರ ತಮಾಷೆಗೆ ಬೇರೇನೂ ಬೇಕಾಗಲಿಲ್ಲ. ಟೀ ಅಂಗಡಿ ಮುಂದೆ ದೊಡ್ಡಪ್ಪ ಹೋದರೆ ಸಾಕು, ಯಾರಾದರೂ ಒಬ್ಬ "ಸೂಜಿಮೊನೆ ಬಂತು" ಅನ್ನುತ್ತಿದ್ದ.

ಈ ಕೇಸು ಕೋರ್ಟು ಕಳಿಸಿದ ಮಧ್ಯಸ್ಥಿಕೆಯಲ್ಲಿ (ಮೀಡಿಯೇಷನ್) ಹೇಗೆ ಮುಗಿಯಿತು ಎಂದು ಬರೆಯಬೇಕು ಅಂತ ಬಹಳ ದಿನದಿಂದ ಇತ್ತು. ಬರೆಯಲು ಹಿಂಜರಿದದ್ದಕ್ಕೆ ಕಾರಣವಿದೆ. ಮಧ್ಯಸ್ಥಿಕೆಯ ಕೋಣೆಯಲ್ಲಿ ಆಡಿದ ಮಾತು ಹೊರಗೆ ಹೋಗಬಾರದು ಅನ್ನುವುದು ಅಲ್ಲಿನ ಮೊದಲ ನಿಯಮ. ಹಾಗಾಗಿ ದೊಡ್ಡಪ್ಪ, ಅತ್ತೆ, ಅಪ್ಪ ಮೂವರನ್ನೂ ಕೇಳಿದೆ. ಮೂವರೂ ಒಪ್ಪಿದಷ್ಟನ್ನು ಮಾತ್ರ ಬರೆಯುತ್ತಿದ್ದೇನೆ. ಕೋರ್ಟಿನ ಹೆಸರು, ವಕೀಲರ ಹೆಸರು ಬೇಡ ಅಂದರು. ದೊಡ್ಡಪ್ಪನ ಷರತ್ತು ಇನ್ನೊಂದಿತ್ತು: "ದುರ್ಯೋಧನನ್ನ ಚೆನ್ನಾಗಿ ಮಾಡ್ತಿದ್ದ ಅಂತಾನೂ ಬರಿ." ಬರೆದಿದ್ದೇನೆ. ನಿಜವಾಗಿಯೂ ಚೆನ್ನಾಗಿ ಮಾಡುತ್ತಿದ್ದರು.

ಜಗಳ ಶುರುವಾದದ್ದು ಒಂದು ಸೀರೆಯಿಂದ. ತಾತ 2001ರಲ್ಲಿ ತೀರಿಕೊಂಡರು, ಅಜ್ಜಿ 2012ರಲ್ಲಿ. ಪಹಣಿ ಇನ್ನೂ ತಾತನ ಹೆಸರಲ್ಲೇ ಇತ್ತು. 4 ಎಕರೆ 8 ಗುಂಟೆ. ಅದರಲ್ಲಿ ಹೆಚ್ಚುಕಡಿಮೆ ಎರಡೂವರೆ ಎಕರೆ ತೆಂಗಿನ ತೋಟ, ಉಳಿದದ್ದು ರಾಗಿ ಹೊಲ. ಒಂದು ಬಾವಿ, ಒಂದು ಹೆಂಚಿನ ಮನೆ. ಪೌತಿ ಖಾತೆ, ಅಂದರೆ ತೀರಿಕೊಂಡವರ ಹೆಸರಿಂದ ವಾರಸುದಾರರ ಹೆಸರಿಗೆ ಖಾತೆ, ಮಾಡಿಸೋಣ ಎಂದು 2013ರಲ್ಲಿ ದೊಡ್ಡಪ್ಪ ಓಡಾಡಿದರು. ಅತ್ತೆಯನ್ನು ಕರೆಸಿದರು. ಎಲೆ ಅಡಿಕೆ, ಅರಿಶಿನ ಕುಂಕುಮ, ಒಂದು ರೇಷ್ಮೆ ಸೀರೆ ಇಟ್ಟು ಜೊತೆಗೆ ಒಂದು ಕಾಗದ ಇಟ್ಟರು. ಆಸ್ತಿಯಲ್ಲಿ ನನ್ನ ಪಾಲು ಬಿಟ್ಟುಕೊಟ್ಟಿದ್ದೇನೆ ಅನ್ನುವ ಹಕ್ಕು ಖುಲಾಸೆ ಪತ್ರ. "ಇಲ್ಲೊಂದು ಸೈನ್ ಹಾಕು" ಅಂದರು. ಅತ್ತೆ, "ಏನ್ ಬರ್ದೈತೆ ಓದು" ಅಂದರು. "ಏನೈತೆ ಓದಕ್ಕೆ, ಎಲ್ರೂ ಹಾಕೋದೇ" ಅಂದರು ದೊಡ್ಡಪ್ಪ. ಅತ್ತೆ ಸೀರೆ ಮುಟ್ಟದೆ ಎದ್ದು ಬಸ್ ಸ್ಟಾಂಡಿಗೆ ಹೋದರು. ನಾನು ಆ ದಿನ ಅಲ್ಲೇ ಇದ್ದೆ. ಅತ್ತೆಯನ್ನು ಕರೆದುಕೊಂಡು ಬರಲು ಬೈಕ್ ತೆಗೆದೆ. ಅಪ್ಪ "ಸುಮ್ನಿರು" ಅಂದರು. ಸುಮ್ಮನಾದೆ.

ಇಂಥ ಸೀರೆಗಳು ನಮ್ಮ ಕಡೆ ಎಷ್ಟು ಮನೆಗಳಲ್ಲಿವೆಯೋ.

ಕೋರ್ಟಿಗೆ ಹೋಗುವ ಮುಂಚೆ ಪಂಚಾಯ್ತಿ ಆಯಿತು. ಊರಿನ ಹಿರಿಯರೊಬ್ಬರ ಮನೆ ಜಗುಲಿಯಲ್ಲಿ ಏಳೆಂಟು ಗಂಡಸರು ಕೂತರು. ಅತ್ತೆ ಒಬ್ಬರೇ ಹೆಂಗಸು, ಬಾಗಿಲ ಹತ್ತಿರ ನಿಂತಿದ್ದರು. ಎರಡು ಗಂಟೆ ಮಾತಾಯಿತು. ಮಾತಾಡಿದ್ದೆಲ್ಲ ಹಿರಿಯರೇ. ಕೊನೆಗೆ, ಅರಿಶಿನ ಕುಂಕುಮಕ್ಕೆ ಅಂತ ಐದು ಲಕ್ಷ ಕೊಟ್ಟು ಮುಗಿಸಿ ಎಂದು ಹೇಳಿದರು. ತೀರ್ಮಾನ ಹೇಳಿದವರಲ್ಲಿ ಒಬ್ಬರು ದೊಡ್ಡಪ್ಪನಿಂದ ಕೊಬ್ಬರಿ ಕೊಳ್ಳುವ ವ್ಯಾಪಾರಿ. ಇನ್ನೊಬ್ಬರು ದೊಡ್ಡಮ್ಮನ ಸೋದರಮಾವ. ಅತ್ತೆ ಕೇಳಿದ್ದು ಒಂದೇ ಮಾತು: "ನಂಗೇನ್ ಬೇಕು ಅಂತ ಯಾರಾರ ಕೇಳಿದ್ರಾ?" ಯಾರೂ ಕೇಳಿರಲಿಲ್ಲ.

ಹಾಗಂತ ಪಂಚಾಯ್ತಿಕೆ ಅಂದರೇನೇ ಕೆಟ್ಟದ್ದು ಅನ್ನುತ್ತಿಲ್ಲ. ಧರ್ಮಸ್ಥಳದ ಹೆಗ್ಗಡೆಯವರ ಮುಂದೆ ವ್ಯಾಜ್ಯ ಇಟ್ಟು ತೀರ್ಮಾನ ಪಡೆಯುವ ಪದ್ಧತಿ ಹಳೆಯದು. ಸಿರಿಗೆರೆಯ ತರಳಬಾಳು ಮಠದಲ್ಲಿ ಸೋಮವಾರ ಸದ್ಧರ್ಮ ನ್ಯಾಯಪೀಠ ನಡೆಯುತ್ತದೆ. ಕೋರ್ಟಿಗೆ ಅಲೆದು ಸಾಕಾದವರು ಅಲ್ಲಿಗೆ ಹೋಗಿ ಮುಗಿಸಿಕೊಂಡು ಬಂದದ್ದನ್ನು ಕೇಳಿದ್ದೇನೆ. ಆದರೆ ಇವೆಲ್ಲದರಲ್ಲೂ ಒಂದು ವಿಷಯ ಸಮಾನ. ನಾವು ದೊಡ್ಡವರ ಮುಂದೆ ಹೋಗುತ್ತೇವೆ, ನಮ್ಮ ಕಥೆ ಹೇಳುತ್ತೇವೆ, ಅವರು ತೀರ್ಮಾನ ಹೇಳುತ್ತಾರೆ. ಅವರ ಮೇಲಿನ ಗೌರವಕ್ಕೋ, ದೇವರ ಭಯಕ್ಕೋ ಒಪ್ಪುತ್ತೇವೆ. ಜಡ್ಜ್ ಮಾಡುವುದೂ ಅದನ್ನೇ, ಕಾನೂನಿನ ಬಲದಿಂದ. ಜಗಳ ನಮ್ಮದಾದರೂ ಮುಗಿಸುವವರು ಬೇರೆಯವರು ಅನ್ನುವುದು ನಮಗೆ ರಕ್ತದಲ್ಲೇ ಬಂದುಬಿಟ್ಟಿದೆ.

ನಾನೂ ಒಂದು ಪ್ರಯತ್ನ ಮಾಡಿದೆ. ನಗಬೇಡಿ. ಬೆಂಗಳೂರಲ್ಲಿ ಸಾಫ್ಟ್‌ವೇರ್ ಕೆಲಸ, ಎಕ್ಸೆಲ್ ಬಲ್ಲೆ ಅನ್ನುವ ಧೈರ್ಯ. ತೋಟಕ್ಕೆ ಹೋಗಿ ಮರ ಎಣಿಸಿದೆ. 138 ಮರ. ಯಾವುದು ಎಳೆಯದು, ಯಾವುದು ಮುದಿಯದು, ಯಾವುದಕ್ಕೆ ನುಸಿ ಹೊಡೆದಿದೆ ಎಲ್ಲ ಬರೆದುಕೊಂಡೆ. ಮೂರು ಬಣ್ಣದಲ್ಲಿ ಮೂರು ಪಾಲು ಮಾಡಿದೆ, ಒಬ್ಬೊಬ್ಬರಿಗೆ 46 ಮರ. ಇದಕ್ಕಿಂತ ನ್ಯಾಯ ಇನ್ನೇನಿದೆ ಅಂದುಕೊಂಡೆ. ದೊಡ್ಡಪ್ಪ ಹಾಳೆ ನೋಡಿ, "ನೀರ್ ಹೊತ್ತೋನು ಯಾರು ಅಂತ ಒಂದು ಕಾಲಂ ಹಾಕ್ಲಾ" ಅಂದರು. ಅತ್ತೆ ಫೋನಿನಲ್ಲಿ ಪೂರ್ತಿ ಕೇಳಿಸಿಕೊಂಡು, "ನೀನ್ ಯಾರ ಮಗ?" ಅಂತ ಕೇಳಿದರು. ಆಗ ಕೋಪ ಬಂತು. ಈಗ ಯೋಚಿಸಿದರೆ ಅದೇ ಸರಿಯಾದ ಪ್ರಶ್ನೆ. ಮೂರು ಪಾಲಿನಲ್ಲಿ ಒಂದು ಪಾಲು ನಾಳೆ ನನಗೆ ಬರುವಂಥದ್ದು. ನಾನು ಯಾರ ಕಡೆಯೂ ಇಲ್ಲ ಅಂದುಕೊಂಡಿದ್ದೆ. ನನ್ನ ಕಡೆಯೇ ಇದ್ದೆ.

ಕೃಷ್ಣನ ಕಥೆಯೂ ಅಷ್ಟೇ ಅಲ್ವಾ? ಐದು ಊರಾದರೂ ಕೊಡಿ ಎಂದು ಸಂಧಾನಕ್ಕೆ ಬಂದವನು, ಅಷ್ಟರಲ್ಲಾಗಲೇ ಅರ್ಜುನನ ರಥ ಹೊಡೆಯಲು ಒಪ್ಪಿಯಾಗಿತ್ತು. ಅದನ್ನು ಸಂಧಾನ ಅನ್ನಬಹುದು, ಮಧ್ಯಸ್ಥಿಕೆ ಅನ್ನಲಾಗದು. ದೊಡ್ಡಪ್ಪ ಇದನ್ನು ಎಷ್ಟೋ ಸಲ ಹೇಳಿದ್ದಾರೆ. ದುರ್ಯೋಧನನ ಕಡೆಯಿಂದ ನೋಡಿದರೆ ಕಾಣುವ ಸತ್ಯ.

ಅಪ್ಪನ ಬಗ್ಗೆ ಒಂದು ಮಾತು. ಇಡೀ ಜಗಳದಲ್ಲಿ ಅಪ್ಪ ಯಾರ ಪರವೂ ಮಾತಾಡಲಿಲ್ಲ. "ನಾನು ತಟಸ್ಥ" ಅನ್ನುತ್ತಿದ್ದರು. ಮೇಷ್ಟ್ರಾಗಿದ್ದವರು, ಪದ ಸರಿಯಾಗಿಯೇ ಬಳಸುತ್ತಾರೆ. ತಟ ಅಂದರೆ ದಡ. ದಡದ ಮೇಲೆ ನಿಂತವನು ತಟಸ್ಥ. ನಡುವೆ ಇಳಿದು ನಿಂತವನು ಮಧ್ಯಸ್ಥ. ಅಪ್ಪ ದಡದ ಮೇಲೆ ಎಂಟು ವರ್ಷ ನಿಂತರು. ತಂಗಿಯ ಕಣ್ಣಿಗೆ ಅದು ಅಣ್ಣನ ಪರ ನಿಂತ ಹಾಗೆಯೇ ಕಂಡಿತು. ತಪ್ಪೇನೂ ಇಲ್ಲ, ಏನೂ ಆಗದೆ ಹೋದರೆ ಲಾಭ ಇದ್ದದ್ದು ಅಣ್ಣತಮ್ಮಂದಿರಿಗೇ.

ಕೇಸಿನ ಎಂಟು ವರ್ಷದ ಕಥೆ ಬೇಗ ಹೇಳಿ ಮುಗಿಸುತ್ತೇನೆ. ವಾಯಿದೆ, ವಾಯಿದೆ, ಮತ್ತೆ ವಾಯಿದೆ. ಆದರೆ ಅದರೊಳಗೆ ಒಂದು ಸ್ವಾರಸ್ಯ ಇದೆ. ಅತ್ತೆಯ ಮದುವೆ ಆದದ್ದು 1988ರಲ್ಲಿ. ಕರ್ನಾಟಕ ಸರ್ಕಾರ ಹೆಣ್ಣುಮಕ್ಕಳಿಗೂ ಪಿತ್ರಾರ್ಜಿತದಲ್ಲಿ ಗಂಡುಮಕ್ಕಳಂತೆ ಹಕ್ಕು ಕೊಟ್ಟ ತಿದ್ದುಪಡಿ ಜಾರಿಗೆ ಬಂದದ್ದು 1994ರ ಜುಲೈನಲ್ಲಿ. ಆದರೆ ಅದಕ್ಕೆ ಮುಂಚೆ ಮದುವೆಯಾದವರಿಗೆ ಇಲ್ಲ ಅಂದುಬಿಟ್ಟಿತು. ಆರು ವರ್ಷದ ಅಂತರದಲ್ಲಿ ಅತ್ತೆಗೆ ಅದು ತಪ್ಪಿಹೋಯಿತು. 2005ರ ಸೆಪ್ಟೆಂಬರ್ 9ಕ್ಕೆ ಕೇಂದ್ರದ ತಿದ್ದುಪಡಿ ಬಂತು, ಮದುವೆಯ ಮಾತೇ ಇಲ್ಲ. ಸರಿ ಅಂದುಕೊಂಡರೆ 2015ರಲ್ಲಿ ಸುಪ್ರೀಂ ಕೋರ್ಟು, ಆ ದಿನ ತಂದೆ ಬದುಕಿದ್ದರೆ ಮಾತ್ರ ಮಗಳಿಗೆ ಹಕ್ಕು ಅಂದಿತು. ತಾತ ತೀರಿದ್ದು 2001ರಲ್ಲಿ. ದೊಡ್ಡಪ್ಪನ ವಕೀಲರು ಹಬ್ಬ ಮಾಡಿದರು. 2018ರಲ್ಲಿ ಅದೇ ಸುಪ್ರೀಂ ಕೋರ್ಟು, 2001ರಲ್ಲೇ ತಂದೆ ತೀರಿದ್ದ ಇನ್ನೊಂದು ಕೇಸಿನಲ್ಲಿ ಹೆಣ್ಣುಮಕ್ಕಳಿಗೆ ಪಾಲು ಕೊಟ್ಟಿತು. ಈಗ ಅತ್ತೆಯ ವಕೀಲರ ಸರದಿ. ಎರಡೂ ಕರ್ನಾಟಕದಿಂದಲೇ ಮೇಲೆ ಹೋದ ಕೇಸುಗಳು. ಕೊನೆಗೆ 2020ರ ಆಗಸ್ಟ್ 11ರಂದು ಮೂವರು ಜಡ್ಜ್‌ಗಳ ಪೀಠ, ಹಕ್ಕು ಹುಟ್ಟಿನಿಂದಲೇ ಬರುತ್ತದೆ, ತಂದೆ ಬದುಕಿರಬೇಕಾಗಿಲ್ಲ ಎಂದು ಹೇಳಿ ಗೊಂದಲ ಮುಗಿಸಿತು.

ಅಂದರೆ ಐದು ವರ್ಷ ಎರಡೂ ಕಡೆಯವರು ಒಬ್ಬರಾದ ಮೇಲೆ ಒಬ್ಬರು ಗೆದ್ದೇಬಿಟ್ಟೆವು ಅಂದುಕೊಂಡು ಕೂತಿದ್ದರು. ಕೋರ್ಟಿನಲ್ಲಿ ಗೆದ್ದವನು ಸೋತ, ಸೋತವನು ಸತ್ತ ಅನ್ನುತ್ತಾರಲ್ಲ, ಅದಕ್ಕೂ ಮುಂಚಿನ ಸ್ಥಿತಿ ಇದು: ಇಬ್ಬರೂ ಗೆಲ್ಲುತ್ತಿರುತ್ತಾರೆ, ಇಬ್ಬರೂ ಫೀಸು ಕಟ್ಟುತ್ತಿರುತ್ತಾರೆ.

2020ರ ನಂತರ ಅತ್ತೆಗೆ ಮೂರನೇ ಒಂದು ಪಾಲು ಸಿಗುತ್ತದೆ ಅನ್ನುವುದು ಎಲ್ಲರಿಗೂ ಗೊತ್ತಾಯಿತು. ಜಗಳ ಮುಗಿಯಬೇಕಿತ್ತು. ಆದರೆ ಕಾನೂನು ಹೇಳುವುದು ಎಷ್ಟು ಪಾಲು ಅಂತ. ಯಾವ ಪಾಲು ಅಂತ ಅಲ್ಲ. ಬಾವಿ ಯಾರಿಗೆ? ರಸ್ತೆ ಬದಿ ಯಾರಿಗೆ? ಅದನ್ನು ತೀರ್ಮಾನಿಸಲು ಮತ್ತೆ ಅಂತಿಮ ಡಿಕ್ರಿಯ (ಕೋರ್ಟಿನ ಕೊನೆಯ ಆದೇಶದ) ಅರ್ಜಿ, ಅಳೆಯಲು ಕೋರ್ಟು ಕಳಿಸುವ ಕಮಿಷನರ್, ಸರ್ವೆ, ತಕರಾರು. ನಮ್ಮ ತಾಲ್ಲೂಕಿನಲ್ಲೇ ಮೊದಲ ಡಿಕ್ರಿ ಆಗಿ, ಅಂತಿಮ ಡಿಕ್ರಿಗೆ ಮಕ್ಕಳ ಕಾಲ ಬಂದ ಮನೆಗಳಿವೆ. 2022ರಲ್ಲಿ ಒಂದು ದಿನ ಜಡ್ಜ್ ಫೈಲು ನೋಡಿ, "ನೀವು ಒಡಹುಟ್ಟಿದವರು ತಾನೇ? ಮೀಡಿಯೇಷನ್‌ಗೆ ಹೋಗಿ ಬನ್ನಿ" ಎಂದು ಕಳಿಸಿದರು.

ಸಿವಿಲ್ ಪ್ರಕ್ರಿಯಾ ಸಂಹಿತೆಯ 89ನೇ ಕಲಂ ಅದಕ್ಕೇ ಇರುವುದು. 2002ರಿಂದ ಜಾರಿಯಲ್ಲಿದೆ. ಚೆನ್ನೈನಲ್ಲಿ 2005ರಲ್ಲಿ ಕೋರ್ಟಿಗೆ ಸೇರಿದ ಮಧ್ಯಸ್ಥಿಕೆ ಕೇಂದ್ರ ಶುರುವಾಯಿತು, 2007ರಲ್ಲಿ ಬೆಂಗಳೂರಿನಲ್ಲಿ. ಸಿದ್ದಯ್ಯ ರಸ್ತೆಯ ನ್ಯಾಯದೇಗುಲ ಕಟ್ಟಡದ ಮುಂದೆ ನಾನು ಎಷ್ಟೋ ಸಲ ಬಸ್ಸಿನಲ್ಲಿ ಹೋಗಿದ್ದೇನೆ. ಒಳಗೆ ಏನು ನಡೆಯುತ್ತದೆ ಅಂತ ಗೊತ್ತಿರಲಿಲ್ಲ. ಬೆಂಗಳೂರಿನಲ್ಲಿ ಶುರುವಾದ ಆ ವ್ಯವಸ್ಥೆ ಆಮೇಲೆ ನಮ್ಮಂಥ ಊರುಗಳಿಗೂ ಬಂದಿದೆ. ಫೀಸು ಇಲ್ಲ. ಮಧ್ಯಸ್ಥಿಕೆ ಮಾಡುವವರು ಸಾಮಾನ್ಯವಾಗಿ ವಕೀಲರೇ, ಆದರೆ ಅದಕ್ಕಾಗಿ 40 ಗಂಟೆಯ ತರಬೇತಿ ಪಡೆದವರು. ಮತ್ತು ನಿಮ್ಮ ಕೇಸಿನಲ್ಲಿ ಯಾರ ಕಡೆಯ ವಕೀಲರೂ ಅಲ್ಲದವರು.

ನಮಗೆ ಸಿಕ್ಕವರು ಐವತ್ತು ದಾಟಿದ ಒಬ್ಬ ಮಹಿಳೆ. ಬೇರೆ ತಾಲ್ಲೂಕಿನವರು. ಕೋರ್ಟಿನ ಹಿಂದಿನ ಒಂದು ಸಣ್ಣ ಕೋಣೆ, ದುಂಡನೆಯ ಟೇಬಲ್ಲು, ಪ್ಲಾಸ್ಟಿಕ್ ಕುರ್ಚಿ. ಕಟಕಟೆ ಇಲ್ಲ, ಎತ್ತರದ ಪೀಠ ಇಲ್ಲ. ದೊಡ್ಡಪ್ಪ ಎಲ್ಲಿ ಕೂರಬೇಕು ಅಂತ ಗೊತ್ತಾಗದೆ ಸ್ವಲ್ಪ ಹೊತ್ತು ನಿಂತೇ ಇದ್ದರು. ದುಂಡು ಟೇಬಲ್ಲಿಗೆ ಯಜಮಾನನ ಜಾಗ ಅಂತ ಇರುವುದಿಲ್ಲವಲ್ಲ.

ಲಾಯರಮ್ಮ ಮೊದಲು ಹೇಳಿದ್ದು, "ನಾನು ಇಲ್ಲಿ ತೀರ್ಪು ಕೊಡಲ್ಲ. ಯಾರದು ಸರಿ, ಯಾರದು ತಪ್ಪು ಅಂತಾನೂ ಹೇಳಲ್ಲ."

ದೊಡ್ಡಪ್ಪ ಸೀರಿಯಸ್ಸಾಗಿಯೇ ಕೇಳಿದರು: "ಮತ್ಯಾಕ್ ಮೇಡಂ ಕೂತಿದ್ದೀರ?"

ಅವರು ನಕ್ಕರು. "ನೀವ್ ಮೂರೂ ಜನ ಒಂದೇ ರೂಮಲ್ಲಿ ಕೂತು ಎಷ್ಟ್ ವರ್ಷ ಆಯ್ತು?" ಅಂದರು. ಯಾರೂ ಉತ್ತರ ಕೊಡಲಿಲ್ಲ. ಆಮೇಲೆ ನಿಯಮ ಹೇಳಿದರು. ಇಲ್ಲಿ ಆಡಿದ್ದನ್ನು ಕೋರ್ಟಿನಲ್ಲಿ ಸಾಕ್ಷಿಯಾಗಿ ಬಳಸುವಂತಿಲ್ಲ. ಅವರನ್ನೂ ಸಾಕ್ಷಿಗೆ ಕರೆಯುವಂತಿಲ್ಲ. ಆಗದಿದ್ದರೆ ಜಡ್ಜ್‌ಗೆ "ಆಗಲಿಲ್ಲ" ಅಂತ ಮಾತ್ರ ಬರೆಯುತ್ತಾರೆ, ಯಾರಿಂದ ಆಗಲಿಲ್ಲ ಅಂತ ಬರೆಯುವುದಿಲ್ಲ. ಯಾರು ಯಾವಾಗ ಬೇಕಾದರೂ ಎದ್ದು ಹೋಗಬಹುದು. ಈ ಕೊನೆಯ ಮಾತು ಹೇಳಿದಾಗ ಅತ್ತೆ ಸ್ವಲ್ಪ ಕುರ್ಚಿಗೆ ಒರಗಿ ಕೂತದ್ದು ನನಗೆ ನೆನಪಿದೆ.

ಮೊದಲ ಸಲ ಇಬ್ಬರೂ ವಕೀಲರ ಮಾತನ್ನೇ ಒಪ್ಪಿಸಿದರು. ಸರ್ವೆ ನಂಬರು, ಕಲಂ, ಆ ತೀರ್ಪು, ಈ ತೀರ್ಪು. ಲಾಯರಮ್ಮ ತಡೆಯಲಿಲ್ಲ. ಎಲ್ಲ ಮುಗಿದ ಮೇಲೆ ಅತ್ತೆಗೆ, "ಆ ಜಮೀನಿನಲ್ಲಿ ನಿಮಗೆ ಚೆನ್ನಾಗಿ ನೆನಪಿರೋ ಜಾಗ ಯಾವುದು?" ಅಂದರು. ಆ ಪ್ರಶ್ನೆ ಯಾವ ದಾವೆ ಅರ್ಜಿಯಲ್ಲೂ ಇರುವುದಿಲ್ಲ. ಅತ್ತೆ ಹೇಳಿದ್ದು ರಸ್ತೆ ಕಡೆಯ ರಾಗಿ ಹೊಲದ ಬದುವಿನ ಹುಣಸೆ ಮರ. ಎಂಟು ವರ್ಷ ನಾವೆಲ್ಲ ಅತ್ತೆಗೆ ಬಾವಿ ಇರುವ ತೋಟವೇ ಬೇಕು ಅಂದುಕೊಂಡಿದ್ದೆವು. ಅವರ ವಕೀಲರು ದಾವೆಯಲ್ಲಿ ಹಾಗೇ ಬರೆದಿದ್ದರು, ಬೆಲೆ ಜಾಸ್ತಿ ಅಂತ. ನನ್ನ ಎಕ್ಸೆಲ್ಲಿನಲ್ಲಿ ಹುಣಸೆ ಮರವೇ ಇರಲಿಲ್ಲ.

ಎರಡನೇ ಸಲ ಒಬ್ಬೊಬ್ಬರನ್ನೇ ಕೂರಿಸಿಕೊಂಡು ಮಾತಾಡಿದರು. ಒಬ್ಬರು ಹೇಳಿದ್ದನ್ನು ಅವರು ಒಪ್ಪದೆ ಇನ್ನೊಬ್ಬರಿಗೆ ಹೇಳುವುದಿಲ್ಲ. ದೊಡ್ಡಪ್ಪನ ಜೊತೆ ನಾನು ಕೂತಿದ್ದೆ. ಎಂಬತ್ತರ ದಶಕದ ಬರದಲ್ಲಿ ಬಾವಿ ತಳ ಕಂಡಿತ್ತು. ತೆಂಗಿನ ಸಸಿಗಳಿಗೆ ಕೆರೆಯಿಂದ ಬಿಂದಿಗೆಯಲ್ಲಿ ನೀರು ಹೊತ್ತವರು ದೊಡ್ಡಪ್ಪ. ಅಪ್ಪ ಆಗ ಮೇಷ್ಟ್ರಾಗಲು ಟಿಸಿಎಚ್ ಓದುತ್ತಿದ್ದರು. ಅತ್ತೆ ಮದುವೆಯ ವಯಸ್ಸು. ದೊಡ್ಡಪ್ಪ ಎಸ್ಸೆಸ್ಸೆಲ್ಸಿ ಬಿಟ್ಟು ತೋಟಕ್ಕೆ ಬಿದ್ದರು. "ಮೂರ್ ಪಾಲು ಅಂದ್ರೆ ಮೂರೇ ಪಾಲು. ನಾನ್ ಹೊತ್ತಿದ್ದ ನೀರಿಗೆ ಲೆಕ್ಕನೇ ಇಲ್ವಾ?" ಎಂದು ಕೇಳಿ ಸುಮ್ಮನಾದರು. ರಂಗದ ಮೇಲೆ ಗದೆ ಕುಟ್ಟುವ ದನಿ ಅದಾಗಿರಲಿಲ್ಲ.

ಲಾಯರಮ್ಮ ಲೆಕ್ಕ ಇದೆ ಅನ್ನಲಿಲ್ಲ, ಇಲ್ಲ ಅಂತಲೂ ಅನ್ನಲಿಲ್ಲ. "ಇದನ್ನ ನಿಮ್ಮ ತಂಗಿಗೆ ಹೇಳಿದ್ದೀರಾ?" ಅಂದರು. "ಅವಳಿಗೆ ಗೊತ್ತಿಲ್ವಾ?" ಅಂದರು ದೊಡ್ಡಪ್ಪ. "ಹೇಳಿದ್ದೀರಾ ಅಂತ ಕೇಳ್ದೆ."

ಹೇಳಿರಲಿಲ್ಲ. ಆ ಮಧ್ಯಾಹ್ನ ಹೇಳಿದರು. ಅತ್ತೆ ಅದಕ್ಕೆ ಕೊಟ್ಟ ಉತ್ತರ ಮೂವರೂ ಬರೆಯಲು ಒಪ್ಪಿದ ಪಟ್ಟಿಯಲ್ಲಿ ಇಲ್ಲ.

ಇಲ್ಲಿ ಒಂದು ಎಚ್ಚರಿಕೆ. ಈ ಕಥೆಯನ್ನು "ಅತ್ತೆಗೆ ಜಮೀನು ಬೇಕಿರಲಿಲ್ಲ, ಪ್ರೀತಿ ಬೇಕಿತ್ತು" ಅಂತ ಓದಬೇಡಿ. ಸೀರಿಯಲ್ಲಿನಲ್ಲಿ ಹಾಗೆ ಮುಗಿಯುತ್ತದೆ, ಹೆಣ್ಣುಮಗಳು ಅಳುತ್ತಾ ಸೈನ್ ಹಾಕುತ್ತಾಳೆ. ಅತ್ತೆಗೆ ಜಮೀನೂ ಬೇಕಿತ್ತು, ತವರೂ ಬೇಕಿತ್ತು. ದಾವೆ ಹಾಕಿದ ವರ್ಷದಿಂದ ಗೌರಿ ಹಬ್ಬಕ್ಕೆ ಬಾಗಿನ ಹೋಗುವುದು ನಿಂತಿತ್ತು. ಪಾಲು ಕೇಳಿದರೆ ತವರು ಬಂದ್ ಅನ್ನುವ ಕಾನೂನು ಯಾವ ಪುಸ್ತಕದಲ್ಲೂ ಇಲ್ಲ, ಎಲ್ಲ ಮನೆಯಲ್ಲೂ ಇದೆ. ಗಂಡುಮಕ್ಕಳಿಗೆ ಈ ಆಯ್ಕೆ ಯಾರೂ ಇಡುವುದಿಲ್ಲ.

ಮೂರನೇ ಸಲಕ್ಕೆ ನಕ್ಷೆ ಟೇಬಲ್ ಮೇಲೆ ಬಂತು. ಅತ್ತೆಗೆ ರಸ್ತೆ ಕಡೆಯ ಹೊಲ, ಹುಣಸೆ ಮರ, ಪಕ್ಕದ ಒಂದಿಷ್ಟು ತೆಂಗು. ಬಾವಿ ಕಡೆಯ ತೋಟ ದೊಡ್ಡಪ್ಪನಿಗೆ. ನಡುವಿನದು ಅಪ್ಪನಿಗೆ. ವಿಸ್ತೀರ್ಣ ತಲಾ 1 ಎಕರೆ 16 ಗುಂಟೆ, ಅದರಲ್ಲಿ ರಾಜಿ ಇಲ್ಲ ಅಂದರು ಅತ್ತೆ. ದೊಡ್ಡಪ್ಪನಿಗೆ ಮರ ಜಾಸ್ತಿ ಬಂತು, ಅತ್ತೆಗೆ ರಸ್ತೆ ಬಂತು. ಮನೆ ದೊಡ್ಡಪ್ಪನಿಗೆ, ಅದರ ಬದಲು ಅತ್ತೆಗೆ ದುಡ್ಡು. ಅಪ್ಪ ಮನೆಯ ಪಾಲು ಬೇಡ ಅಂದರು. ಎಂಟು ವರ್ಷದಲ್ಲಿ ಅವರು ಬಾಯಿಬಿಟ್ಟು ಹೇಳಿದ ಮೊದಲ ಮಾತು ಅದು.

ಉಳಿದದ್ದು ನೀರು. ದೊಡ್ಡಪ್ಪ, "ಬಾವಿ ನಂದಿದ್ರೂ ಅವಳಿಗೆ ವಾರಕ್ಕೆರಡು ದಿನ ಮೋಟ್ರು ಬಿಡ್ತೀನಿ" ಅಂದರು. ಒಳ್ಳೆಯ ಮಾತೇ. ನನಗೆ ಖುಷಿಯಾಯಿತು. ಲಾಯರಮ್ಮ ಮಾತ್ರ ಕೇಳಿದರು: "ಕರೆಂಟು ಆ ಎರಡು ದಿನ ಬರದಿದ್ರೆ? ಮೋಟ್ರು ಸುಟ್ಟರೆ ರಿಪೇರಿ ಯಾರು? ಬೇಸಿಗೇಲಿ ನೀರು ಇಳಿದ್ರೆ ಮೊದಲು ಯಾರಿಗೆ?" ಕೇಳುತ್ತಾ ಹೋದರು. ಐದು ನಿಮಿಷದಲ್ಲಿ ಮುಂದಿನ ಹತ್ತು ವರ್ಷದ ಜಗಳ ಟೇಬಲ್ ಮೇಲೆ ಬಿದ್ದಿತ್ತು.

ಆಗ ನನಗೆ ಸಿಂಧೂ ನದಿ ನೆನಪಾಯಿತು. ಭಾರತ ಪಾಕಿಸ್ತಾನದ ನಡುವೆ ವಿಶ್ವಬ್ಯಾಂಕ್ ಮಧ್ಯಸ್ಥಿಕೆ ಮಾಡಿದ್ದು. ಮಾತುಕತೆ ಶುರುವಾದದ್ದು 1952ರಲ್ಲಿ, ಕರಾಚಿಯಲ್ಲಿ ನೆಹರೂ ಮತ್ತು ಅಯೂಬ್ ಖಾನ್ ಸಹಿ ಹಾಕಿದ್ದು 1960ರ ಸೆಪ್ಟೆಂಬರ್ 19ಕ್ಕೆ. ಎರಡು ದೇಶ ಸೇರಿ ಇಡೀ ನದಿ ವ್ಯವಸ್ಥೆ ನೋಡಿಕೊಳ್ಳಲಿ ಅನ್ನುವುದು ಮೊದಲ ಆಸೆ. ಅದು ಆಗದ ಮಾತು ಅಂತ ಬೇಗ ಗೊತ್ತಾಯಿತು. 1954ರಲ್ಲಿ ಬ್ಯಾಂಕು ನದಿಗಳನ್ನೇ ಹಂಚುವ ಯೋಚನೆ ಮುಂದಿಟ್ಟಿತು. ಸಟ್ಲೆಜ್, ಬಿಯಾಸ್, ರಾವಿ ಭಾರತಕ್ಕೆ. ಸಿಂಧೂ, ಝೀಲಂ, ಚಿನಾಬ್ ಪಾಕಿಸ್ತಾನಕ್ಕೆ. ಪೂರ್ವದ ನದಿಗಳ ನೀರು ನಂಬಿದ್ದ ಪಾಕಿಸ್ತಾನದ ಹೊಲಗಳಿಗೆ ಬೇರೆ ಕಾಲುವೆ ಬೇಕಲ್ಲ, ಅದಕ್ಕೆ ಭಾರತ ಹತ್ತು ಕಂತಿನಲ್ಲಿ 6 ಕೋಟಿ 20 ಲಕ್ಷ ಪೌಂಡು ಕೊಟ್ಟಿತು. ಆಮೇಲೆ ಎರಡು ದೊಡ್ಡ ಯುದ್ಧ ಆದರೂ ಒಪ್ಪಂದ ಉಳಿಯಿತು. 2025ರ ಏಪ್ರಿಲ್‌ನಲ್ಲಿ ಭಾರತ ಅದನ್ನು ತಡೆಹಿಡಿಯುವವರೆಗೆ ಉಳಿದಿತ್ತು. ಜಗಳ ಆಡುವವರಿಗೆ ಹಂಚಿಕೊಳ್ಳುವುದನ್ನು ಕಲಿಸುವುದು ಕಷ್ಟ. ಹಂಚಿಕೊಳ್ಳುವ ಅಗತ್ಯವೇ ಬರದ ಹಾಗೆ ಮಾಡುವುದು ಕೆಲವೊಮ್ಮೆ ಸುಲಭ.

ನಮ್ಮಲ್ಲೂ ಆದದ್ದು ಅದೇ. ಅತ್ತೆಯ ಹೊಲದಲ್ಲಿ ಬೇರೆ ಬೋರ್‌ವೆಲ್. ಖರ್ಚು ದೊಡ್ಡಪ್ಪ, ಅಪ್ಪ ಅರ್ಧ ಅರ್ಧ. ಇದನ್ನು ಹೇಳಿದ್ದು ಲಾಯರಮ್ಮ ಅಲ್ಲ, ಅಪ್ಪ. ದಡದಿಂದ ಕೊನೆಗೂ ಇಳಿದರು. ಲಾಯರಮ್ಮ ಕೇಳಿದ್ದು ಇಷ್ಟೇ: "ಬೋರ್ ಫೇಲಾದ್ರೆ?" ಎರಡು ಬೋರ್ ತನಕ ಅಣ್ಣಂದಿರ ಖರ್ಚು, ಮೂರನೆಯದು ಅತ್ತೆಯದು ಎಂದು ಬರೆದಾಯಿತು. ತೋಟಕ್ಕೆ ಹೋಗಲು ಬೇಲಿಗುಂಟ 12 ಅಡಿ ಗಾಡಿ ದಾರಿ, ಅದನ್ನೂ ಬರೆದಾಯಿತು.

ಗೌರಿ ಬಾಗಿನದ ಮಾತು ಬಂದಾಗ ಲಾಯರಮ್ಮ, "ಇದನ್ನೂ ಸೇರಿಸಬೇಕಾ?" ಅಂತ ಕೇಳಿದರು. ದೊಡ್ಡಪ್ಪ ಮುಖ ಕೆಂಪು ಮಾಡಿಕೊಂಡರು. ಅತ್ತೆಯೇ ಹೇಳಿದರು: "ಬ್ಯಾಡ ಮೇಡಂ. ಬರುದ್ರೆ ಅದು ಕೋರ್ಟಿಂದ ಬಂದ ಬಾಗಿನ ಆಯ್ತದೆ."

ನಾಲ್ಕನೇ ಸಲ ಸಹಿ. ಒಪ್ಪಂದ ಕನ್ನಡದಲ್ಲೇ ಇತ್ತು, ಐದು ಪುಟ. ಲಾಯರಮ್ಮ ಒಂದೊಂದು ಸಾಲನ್ನೂ ಗಟ್ಟಿಯಾಗಿ ಓದಿದರು. ಮುಗಿದ ಮೇಲೆ ಎಲ್ಲರೂ ಪೆನ್ನು ಹುಡುಕುವಾಗ ಅತ್ತೆ, "ಇನ್ನೊಂದ್ಸಲ ಓದಿ" ಅಂದರು. ಅರ್ಧ ಎದ್ದಿದ್ದ ದೊಡ್ಡಪ್ಪ ಮತ್ತೆ ಕೂತರು. ಕೈ ಕಟ್ಟಿಕೊಂಡು ಎರಡನೇ ಸಲವೂ ಪೂರ್ತಿ ಕೇಳಿಸಿಕೊಂಡರು. ಎರಡು ತಿಂಗಳೂ ಹಿಡಿದಿರಲಿಲ್ಲ. ಅದು ಕೋರ್ಟಿಗೆ ಹೋಗಿ ರಾಜಿ ಡಿಕ್ರಿ ಆಯಿತು. ಒಪ್ಪಿ ಆದ ಡಿಕ್ರಿಗೆ ಮೇಲ್ಮನವಿ ಇಲ್ಲ, ಹಾಗಾಗಿ ಅಲ್ಲಿಗೆ ಅದು ಮುಗಿಯಿತು.

ಎಲ್ಲ ಜಗಳವೂ ಹೀಗೆ ಮುಗಿಯುತ್ತದೆ, ಮುಗಿಯಬೇಕು ಅಂತ ನಾನು ಹೇಳುವುದಿಲ್ಲ. ಹೊಡೆಸಿಕೊಂಡು ಬಂದ ಹೆಣ್ಣುಮಗಳನ್ನು ಗಂಡನ ಎದುರು ಕೂರಿಸಿ "ಹೊಂದಿಕೊಂಡು ಹೋಗಮ್ಮ" ಅನ್ನುವುದಕ್ಕೂ ಕೆಲವರು ಮಧ್ಯಸ್ಥಿಕೆ ಅಂತ ಹೆಸರಿಡುತ್ತಾರೆ. ಅದು ಮಧ್ಯಸ್ಥಿಕೆ ಅಲ್ಲ, ಬಾಯಿ ಮುಚ್ಚಿಸುವುದು. ಇಬ್ಬರಲ್ಲಿ ಒಬ್ಬರಿಗೆ ಎದ್ದು ಹೋಗುವ ಧೈರ್ಯ ಇಲ್ಲದಿದ್ದರೆ ಆ ಟೇಬಲ್ಲು ಎಷ್ಟೇ ದುಂಡಗಿದ್ದರೂ ಪ್ರಯೋಜನವಿಲ್ಲ. ಅತ್ತೆ ಅಷ್ಟು ನೆಟ್ಟಗೆ ಕೂರಲು ಸಾಧ್ಯವಾದದ್ದು 2020ರ ಆ ತೀರ್ಪಿನಿಂದ. ಅದಿಲ್ಲದಿದ್ದರೆ ಐದು ಲಕ್ಷದ ಅರಿಶಿನ ಕುಂಕುಮವೇ ಮತ್ತೆ ಟೇಬಲ್ ಮೇಲೆ ಬರುತ್ತಿತ್ತು. ಕೋರ್ಟಿಗೆ ಬದಲು ಮಧ್ಯಸ್ಥಿಕೆ ಅನ್ನುವವರು ಇದನ್ನು ಮರೆಯುತ್ತಾರೆ. ಕೋರ್ಟು ಹಿಂದೆ ಗಟ್ಟಿಯಾಗಿ ನಿಂತಿದ್ದರೇನೇ ಮುಂದೆ ಕೂತು ಮಾತಾಡಲು ಆಗುವುದು.

2023ರಲ್ಲಿ ಮಧ್ಯಸ್ಥಿಕೆಗೇ ಅಂತ ಬೇರೆ ಕಾಯ್ದೆ ಬಂದಿದೆ. ಮಾತುಕತೆಗೆ 120 ದಿನ, ಬೇಕಾದರೆ ಇನ್ನೂ 60 ದಿನ. ಕ್ರಿಮಿನಲ್ ಮೊಕದ್ದಮೆ, ತೆರಿಗೆ ಇಂಥವನ್ನು ಪಟ್ಟಿ ಮಾಡಿ ಹೊರಗಿಟ್ಟಿದ್ದಾರೆ. ಊರಿನ ನೆಮ್ಮದಿ ಕೆಡಿಸುವ ಜಗಳಕ್ಕೆ ಮೂವರು ಕೂತು ಮಾಡುವ ಸಮುದಾಯ ಮಧ್ಯಸ್ಥಿಕೆಯೂ ಅದರಲ್ಲಿದೆ. ಅದರ ಒಪ್ಪಂದಕ್ಕೆ ಡಿಕ್ರಿಯ ಬಲ ಇಲ್ಲ. ಅರಳಿಕಟ್ಟೆಯನ್ನು ಕಾಯ್ದೆಯೊಳಗೆ ತಂದ ಹಾಗೆ. ಆದರೆ ಆ ಮೂವರಲ್ಲಿ ಒಬ್ಬರು ಕೊಬ್ಬರಿ ವ್ಯಾಪಾರಿ ಆಗದ ಹಾಗೆ ನೋಡಿಕೊಳ್ಳಬೇಕು!

ನಮ್ಮ ಮನೆಯಲ್ಲಿ ಎಲ್ಲ ಸರಿಹೋಯಿತು ಅಂತ ಬರೆದರೆ ಸುಳ್ಳು. ದೊಡ್ಡಪ್ಪನ ಮಗ ಅತ್ತೆ ಜೊತೆ ಇವತ್ತಿಗೂ ಮಾತಾಡುವುದಿಲ್ಲ. ರಸ್ತೆ ಬದಿ ಬಿಟ್ಟುಕೊಟ್ಟದ್ದು ದಡ್ಡತನ ಅಂತ ಅವನ ವಾದ, ಸೈಟಿನ ರೇಟು ನೋಡಿದರೆ ಅವನ ಮಾತಿನಲ್ಲೂ ಲೆಕ್ಕ ಇದೆ. ಮೊದಲ ಬೋರ್ 850 ಅಡಿ ಹೋಗಿ ಬರೀ ಧೂಳು ಬಂತು. ಆ ಸಾಲು ಬರೆದಿಲ್ಲದಿದ್ದರೆ ಅವತ್ತೇ ಇನ್ನೊಂದು ಕುರುಕ್ಷೇತ್ರ. ಎರಡನೆಯದರಲ್ಲಿ ಎರಡಿಂಚು ನೀರು ಬಿತ್ತು. ಆ ವರ್ಷ ಗೌರಿ ಹಬ್ಬಕ್ಕೆ ಮೊರದ ಬಾಗಿನ ಹೋಯಿತು. ತೆಗೆದುಕೊಂಡು ಹೋದದ್ದು ಅಪ್ಪ.

ಹೋದ ತಿಂಗಳ ಗಾಳಿಮಳೆಗೆ ಅಪ್ಪನ ಪಾಲಿನ ಒಂದು ಮರ ಅತ್ತೆಯ ಹೊಲದೊಳಕ್ಕೆ ಬಿತ್ತು. ಬೀಳುವಾಗ ದೊಡ್ಡಪ್ಪ ಹಾಕಿಸಿದ್ದ ಬೇಲಿಯನ್ನೂ ಎಳೆದುಕೊಂಡು ಹೋಯಿತು. ಮರದ ತುಂಬ ಕಾಯಿ. ಒಪ್ಪಂದದ ಐದು ಪುಟದಲ್ಲಿ ಬಿದ್ದ ಮರದ ಬಗ್ಗೆ ಒಂದು ಸಾಲೂ ಇಲ್ಲ. ಬೆಳಿಗ್ಗೆ ಏಳು ಗಂಟೆಗೇ ದೊಡ್ಡಪ್ಪನ ಫೋನು.

"ಕಾಯಿ ಯಾರಿಗ್ ಸೇರ್ಬೇಕು? ಬೇಲಿ ಯಾರ್ ಕಟ್ಟಬೇಕು? ಓದಿರೋನು ನೀನೇ ಹೇಳ್ಲಾ."

ಉತ್ತರ ನಾಲಿಗೆ ತುದಿಗೇ ಬಂದಿತ್ತು. ಲ್ಯಾಪ್‌ಟಾಪೂ ತೆರೆದೇ ಇತ್ತು.

"ಅತ್ತೆ ಏನಂದ್ರು ದೊಡ್ಡಪ್ಪ?" ಅಂತ ಕೇಳಿದೆ.

ಆ ಕಡೆ ಸ್ವಲ್ಪ ಹೊತ್ತು ಸದ್ದಿಲ್ಲ. ಹಿಂದೆ ಎಲ್ಲೋ ಕೋಳಿ ಕೂಗುತ್ತಿತ್ತು.

"ಕೇಳಿಲ್ಲ ಕಣ್ಲಾ" ಅಂದರು. ಫೋನ್ ಇಟ್ಟರು.